ಬಾಲ್ಯದ ಹೊಲ ಯಾರದು?

ರೊಡೇಷಿಯಾದ (ಇಂದಿನ ಜಿಂಬಾಬ್ವೆ) ಬಿಳಿಯ ರೈತ ಕುಟುಂಬದಲ್ಲಿ ಬೆಳೆದ ಅಲೆಕ್ಸಾಂಡ್ರಾ ಫುಲ್ಲರ್ 2001ರಲ್ಲಿ ತಮ್ಮ ಬಾಲ್ಯದ ನೆನಪುಗಳನ್ನು ಪುಸ್ತಕ ಮಾಡಿದರು. ಹಿರಿಯೂರು, ಹೊಳಲ್ಕೆರೆ ಸೀಮೆಯ ಹಳೇ ಜಮೀನುದಾರರ ಮನೆಗಳಲ್ಲೂ ಅಂಥ ನೆನಪುಗಳಿವೆ: ನಮ್ಮ ತೋಟ, ನಮ್ಮ ಆಳು. ಆ ಅಕ್ಕರೆ ಸುಳ್ಳಲ್ಲ, ಆದರೆ ಅರ್ಧ ದಾಖಲೆ. ರೊಡೇಷಿಯಾದಲ್ಲಿ 1930ರ ಭೂಹಂಚಿಕೆ ಕಾಯ್ದೆ ಬೆರಳೆಣಿಕೆಯ ಬಿಳಿಯರಿಗೆ ದೇಶದ ಅರ್ಧದಷ್ಟು ನೆಲ ಮೀಸಲಿಟ್ಟಿತ್ತು. ಇಲ್ಲಿ 1974ರ ಮಾರ್ಚ್ 1ರಿಂದ ಗೇಣಿ ರದ್ದಾದ ಮೇಲಷ್ಟೇ ಉತ್ತ ಎಷ್ಟೋ ಜನರ ಹೆಸರು ಪಹಣಿಗೆ ಬಂತು, ಅದೂ ಗೇಣಿ ಜಮೀನಿನ ಹಕ್ಕು ಕೋರಿ ಏಳನೇ ನಮೂನೆ ಅರ್ಜಿ ಹಾಕುವ ಧೈರ್ಯ ಇದ್ದವರದು.

ನಮ್ಮ ಗೌಡರು ಹೊರಗಿನಿಂದ ಬಂದವರಲ್ಲವಲ್ಲ ಎನ್ನಬಹುದು, ಒಪ್ಪೋಣ. ಮಗು ಕಾನೂನು ಬರೆಯಲಿಲ್ಲ, ಅದೂ ನಿಜ. ಆದರೆ ನೆನಪು ಬರೆಯುವವರು ಮಕ್ಕಳಲ್ಲ. ಫುಲ್ಲರ್ ತಮ್ಮವರ ವರ್ಣಭೇದವನ್ನು ಮುಚ್ಚಿಡಲಿಲ್ಲ. ಗೇಣಿದಾರರ ಮಕ್ಕಳೂ ಅದೇ ಹೊಲದಲ್ಲಿ ಬೆಳೆದರು. ಅವರ ನೆನಪನ್ನೂ ಈಗಲೇ ಬರೆಸಿಡಿ.