ಆಕಾಶದ ಹೇನು

ಹೆಣ್ಣುಮಕ್ಕಳ ಶಾಲೆಯಲ್ಲಿ ಇಷ್ಟು ವರ್ಷ ಪಾಠ ಮಾಡಿದವಳಿಗೆ ಹೇನಿನ ವಿಚಾರವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಆದರೆ ಹೇನಿನ ಹೆಸರನ್ನು ಇಟ್ಟುಕೊಂಡ ವಿಮಾನವೊಂದಿತ್ತು ಎಂದು ಓದಿದಾಗ ನನಗೂ ನಗು ಬಂತು. ಫ್ರೆಂಚಿನಲ್ಲಿ ‘ಪೂ ದು ಸಿಯೆಲ್’, ಅಂದರೆ ಆಕಾಶದ ಹೇನು. ಫೋರ್ಡ್ ಕಂಪನಿಯ ಅಗ್ಗದ ಕಾರನ್ನು ಅಲ್ಲಿಯ ಜನ ರಸ್ತೆಯ ಹೇನು ಎಂದು ಹಾಸ್ಯ ಮಾಡುತ್ತಿದ್ದರಂತೆ. ಹಾಗಾದರೆ ನನ್ನದು ಆಕಾಶದ ಹೇನು ಎಂದ ಅದನ್ನು ಕಟ್ಟಿದ ಆಸಾಮಿ. ಇಂಗ್ಲಿಷರಿಗೆ ಹೇನು ಹೇಸಿಗೆ ಎನಿಸಿತೋ ಏನೋ, ಅವರು ಅದನ್ನು ‘ಹಾರುವ ಚಿಗಟ’ ಮಾಡಿಕೊಂಡರು. ಚಿಗಟ ಯಾವ ಲೆಕ್ಕದಲ್ಲಿ ಮೇಲೋ ನಾನರಿಯೆ.

ಆ ಆಸಾಮಿಯ ಹೆಸರು ಆನ್ರಿ ಮಿಞೆ. ರೇಡಿಯೋ ಕೆಲಸ ಬಲ್ಲವನು. ವಿಮಾನದ ಹುಚ್ಚು ವಿಪರೀತ, ಆದರೆ ಕೈಯಲ್ಲೊಂದು, ಕಾಲಲ್ಲೊಂದು ಹಿಡಿತ ಇಟ್ಟುಕೊಂಡು ಎರಡನ್ನೂ ಹೊಂದಿಸಿ ಸಾಮಾನ್ಯ ವಿಮಾನವನ್ನು ಹಾರಿಸುವುದು ಅವನಿಗೆ ಒಗ್ಗಲಿಲ್ಲ. ತನಗೆ ಒಗ್ಗದ್ದನ್ನು ಬಿಟ್ಟು ತನಗೆ ಒಗ್ಗುವಂಥದ್ದನ್ನೇ ಕಟ್ಟಿಕೊಂಡ. 1933ರಲ್ಲಿ ಅದು ಹಾರಿತು. ಮರದ ಪಟ್ಟಿ, ಪ್ಲೈವುಡ್, ಬಟ್ಟೆ, ಮೋಟಾರ್ ಸೈಕಲ್ಲಿನದರಷ್ಟು ಪುಟ್ಟ ಎಂಜಿನ್. ಮರುವರ್ಷ ಅದನ್ನು ಕಟ್ಟುವ ಬಗೆಯನ್ನೆಲ್ಲ ಪುಸ್ತಕವಾಗಿ ಬರೆದ. ದೊಡ್ಡ ಇಂಜಿನಿಯರೇ ಆಗಬೇಕಿಲ್ಲ, ಮನೆಯಲ್ಲಿ ಸುತ್ತಿಗೆ, ಗರಗಸ ಹಿಡಿದು ಅಭ್ಯಾಸವಿದ್ದರೆ ಸಾಕು ಎಂಬ ಧಾಟಿ. ಫ್ರಾನ್ಸ್, ಇಂಗ್ಲೆಂಡುಗಳಲ್ಲಿ ನೂರಾರು ಜನ ಮನೆಯ ಹಿತ್ತಲಲ್ಲಿ, ಕಾರಿನ ಶೆಡ್ಡಿನಲ್ಲಿ ಕಟ್ಟಲು ಕುಳಿತರು. 1935ರ ಆಗಸ್ಟಿನಲ್ಲಿ ಮಿಞೆ ತಾನೇ ಅದರಲ್ಲಿ ಕುಳಿತು ಇಂಗ್ಲಿಷ್ ಕಾಲುವೆ ದಾಟಿದ ಮೇಲಂತೂ ಕೇಳಬೇಕೆ!

ಅವನು ಗೆಲ್ಲಬೇಕೆಂದು ಹೊರಟ ಶತ್ರುವಿನ ಹೆಸರು ಸ್ಟಾಲ್. ಕಾರು ‘ಸ್ಟಾಲ್ ಆಯಿತು’ ಎನ್ನುತ್ತೇವಲ್ಲ, ಅದಲ್ಲ. ಇಲ್ಲಿ ಎಂಜಿನ್ ಚೆನ್ನಾಗಿಯೇ ಓಡುತ್ತಿರಬಹುದು. ಕೈ ಕೊಡುವುದು ರೆಕ್ಕೆ. ಜೋರು ಗಾಳಿಯ ದಿನ ಮಹಡಿಯ ಮೇಲೆ ಮೊರ ಹಿಡಿದು ನಿಂತು ನೋಡಿ. ಮೊರದ ಮುಂದಿನ ಅಂಚನ್ನು ಸ್ವಲ್ಪವೇ ಎತ್ತಿದರೆ ಗಾಳಿ ಅದನ್ನು ಮೇಲಕ್ಕೆ ಎತ್ತುತ್ತದೆ. ಆಸೆಗೆ ಬಿದ್ದು ಇನ್ನೂ ಇನ್ನೂ ಎತ್ತುತ್ತ ಹೋದರೆ ಒಂದು ಹಂತದಲ್ಲಿ ಎತ್ತುವ ಬಲ ಹೋಗಿ ಬರೀ ಹಿಂದಕ್ಕೆ ನೂಕುತ್ತದೆ. ವಿಮಾನದ ರೆಕ್ಕೆಗೂ ಅಷ್ಟೇ. ಸುಮಾರು ಹದಿನೈದು ಡಿಗ್ರಿಯವರೆಗೆ ಗಾಳಿ ಅದರ ಬೆನ್ನಿಗೆ ಅಂಟಿಕೊಂಡು ಜಾರುತ್ತದೆ. ಅದಕ್ಕಿಂತ ಓರೆಯಾದರೆ ಬೆನ್ನು ಬಿಟ್ಟು ಸುಳಿಯಾಗುತ್ತದೆ. ರೆಕ್ಕೆ ಹೊರುವುದನ್ನು ಬಿಡುತ್ತದೆ. ಎರಡು ರೆಕ್ಕೆಗಳಲ್ಲಿ ಒಂದು ಮೊದಲು ಬಿಟ್ಟರೆ ವಿಮಾನ ಗಿರಗಿಟ್ಟಲೆಯಂತೆ ಸುತ್ತುತ್ತ ಬೀಳುತ್ತದೆ.

ಪಾರಾಗುವ ದಾರಿಯೂ ವಿಚಿತ್ರ. ಬೀಳುವವನು ಮೂತಿಯನ್ನು ಮೇಲಕ್ಕೆ ಎಳೆಯಬಾರದು, ಇನ್ನೂ ಕೆಳಕ್ಕೆ ತಳ್ಳಬೇಕು. ಆಗ ಓರೆ ಕಡಿಮೆಯಾಗಿ ಗಾಳಿ ಮತ್ತೆ ರೆಕ್ಕೆಯನ್ನು ಹಿಡಿಯುತ್ತದೆ. ಎತ್ತರದಲ್ಲಿದ್ದಾಗ ಇದು ಪಾಠ, ಅಭ್ಯಾಸ. ಇಳಿಯುವ ಮುನ್ನ ಕೊನೆಯ ತಿರುವಿನಲ್ಲಿ, ನೆಲ ಕೆಲವೇ ನೂರು ಅಡಿ ಕೆಳಗಿರುವಾಗ, ಯಾರಿಗೆ ತಾನೇ ಕೋಲನ್ನು ಮುಂದಕ್ಕೆ ತಳ್ಳುವ ಧೈರ್ಯ ಬರುತ್ತದೆ? ಬಂದರೂ ಅಷ್ಟು ಎತ್ತರ ಸಾಲದು. ಎಂಜಿನ್ನೇ ಇಲ್ಲದ ರೆಕ್ಕೆಗಳಲ್ಲಿ ಗುಡ್ಡದಿಂದ ಹಾರುತ್ತಿದ್ದ ಜರ್ಮನಿಯ ಲಿಲಿಯೆಂಥಾಲ್ 1896ರಲ್ಲಿ ಸತ್ತದ್ದು ಹೀಗೆಯೇ.

ಗುಸ್ತಾವ್ ಲಾಖ್‌ಮನ್ ಎಂಬ ಇನ್ನೊಬ್ಬ ಜರ್ಮನ್ ಹುಡುಗ 1917ರಲ್ಲಿ ಹೀಗೇ ಬಿದ್ದು ಬದುಕಿಕೊಂಡ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಯೋಚಿಸಿದ: ರೆಕ್ಕೆಯ ಮುಂದಿನ ಅಂಚಿನಲ್ಲಿ ಉದ್ದಕ್ಕೂ ಒಂದು ಸೀಳು ಬಿಟ್ಟರೆ? ಕೆಳಗಿನ ಗಾಳಿ ಆ ಸೀಳಿನಲ್ಲಿ ನುಗ್ಗಿ ಬೆನ್ನಿನ ಮೇಲೆ ರಭಸವಾಗಿ ಹರಿದರೆ ಬಿಟ್ಟುಹೋಗುವ ಗಾಳಿ ಇನ್ನಷ್ಟು ಹೊತ್ತು ಅಂಟಿಕೊಂಡಿರಬಹುದಲ್ಲವೆ? ಇರುತ್ತದೆ. ಇಂಗ್ಲೆಂಡಿನ ಹ್ಯಾಂಡ್ಲಿ ಪೇಜ್ ತಾನಾಗಿಯೇ ಇದನ್ನು ಕಂಡುಕೊಂಡಿದ್ದ. ಆ ಸೀಳು ಎಷ್ಟೋ ಜೀವ ಉಳಿಸಿತು.

ಇದನ್ನು ಇಷ್ಟು ಬಿಡಿಸಿ ಹೇಳುತ್ತಿರುವುದಕ್ಕೆ ಕಾರಣವಿದೆ. ಮಿಞೆಯ ಹೇನಿಗೆ ಹಿಂದೊಂದು ಮುಂದೊಂದು ಎರಡು ರೆಕ್ಕೆ. ಕೋಲು ಎಳೆದರೆ ಮುಂದಿನ ರೆಕ್ಕೆಯೇ ಇಡಿಯಾಗಿ ಓರೆಯಾಗುತ್ತಿತ್ತು. ಕಾಲಿಗೆ ಕೆಲಸವಿಲ್ಲ. ಸ್ಟಾಲ್ ಆಗದ, ಗಿರಕಿ ಹೊಡೆಯದ ವಿಮಾನವೆಂದು ಜನ ನಂಬಿದರು. ಆ ಮಟ್ಟಿಗೆ ಅದು ಸುಳ್ಳೂ ಅಲ್ಲ. ಹಾಗಿದ್ದೂ ಒಂದೊಂದೇ ಹೇನು ಮೂತಿ ಕೆಳಗಾಗಿ ನೆಲಕ್ಕೆ ನುಗ್ಗತೊಡಗಿತು. ಜನ ಸತ್ತರು. ಪೂರ್ಣ ಗಾತ್ರದ ವಿಮಾನವನ್ನೇ ಇಂಗ್ಲೆಂಡಿನ ಫಾರ್ನ್‌ಬರೋ, ಫ್ರಾನ್ಸಿನ ಶಾಲೆ-ಮ್ಯುದೋನ್‌ಗಳ ಗಾಳಿಸುರಂಗಗಳಲ್ಲಿ ನಿಲ್ಲಿಸಿ ಪರೀಕ್ಷಿಸಿದಾಗ ಗುಟ್ಟು ತಿಳಿಯಿತು. ಮುಂದಿನ ರೆಕ್ಕೆಯನ್ನು ಓರೆ ಮಾಡಿದಾಗ ಅದರ ಹಿಂಬದಿ ಕೆಳಗಿಳಿದು, ಹಿಂದಿನ ರೆಕ್ಕೆಯ ನಡುವೆ ಕಿರಿದಾದ ಸಂದಿ ಉಳಿಯುತ್ತಿತ್ತು. ಆ ಸಂದಿಯಲ್ಲಿ ನುಗ್ಗಿದ ಗಾಳಿ ಹಿಂದಿನ ರೆಕ್ಕೆಯನ್ನು ಇನ್ನಷ್ಟು ಎತ್ತುತ್ತಿತ್ತು. ಬಾಲದ ಕಡೆ ಎದ್ದರೆ ಮೂತಿ ಏಳುವುದೆಲ್ಲಿಂದ? ಒಂದು ಮಿತಿಗಿಂತ ಕಡಿದಾಗಿ ಇಳಿಯತೊಡಗಿದ ಮೇಲೆ, ಜೀವ ಉಳಿಸಿಕೊಳ್ಳಲು ಕೋಲು ಎಳೆದಷ್ಟೂ ವಿಮಾನ ಕೆಳಮುಖವಾಗಿಯೇ ಉಳಿಯುತ್ತಿತ್ತು. ಲಾಖ್‌ಮನ್ನನ ಸೀಳು ಕಾಪಾಡಿದ ರೀತಿಯಲ್ಲೇ ಮಿಞೆಯ ಸಂದಿ ಕೊಂದಿತು. ಗಾಳಿ ಮಾತ್ರ ಒಂದೇ.

ಹೇನಿನ ಹಾರಾಟಕ್ಕೆ ತಡೆ ಬಿತ್ತು. ಮಿಞೆ ಮುಂದೆ ಅಂತರ ತಿದ್ದಿ, ಭಾರದ ಸ್ಥಾನ ತಿದ್ದಿ ಬೇರೆ ಬೇರೆ ವಿಮಾನ ಕಟ್ಟುತ್ತಲೇ ಹೋದ, 1965ರಲ್ಲಿ ತೀರಿಕೊಂಡ. ಅವನನ್ನು ಮೋಸಗಾರ ಎನ್ನಲು ನನಗೆ ಮನಸ್ಸಾಗುವುದಿಲ್ಲ. ತಾನು ಹತ್ತದ ವಿಮಾನವನ್ನು ಅವನು ಯಾರಿಗೂ ಕೊಡಲಿಲ್ಲ. ಆದರೆ ಶೆಡ್ಡಿನಲ್ಲಿ ರಾತ್ರಿಯೆಲ್ಲ ಮರ ಉಜ್ಜಿದ ಗಂಡಸರಿಗೆ ಲಾಟೀನು ಹಿಡಿದ ಹೆಂಡಂದಿರು, ರೆಕ್ಕೆಯ ಬಟ್ಟೆ ಹೊಲಿದುಕೊಟ್ಟ ತಾಯಂದಿರು ಇದ್ದೇ ಇದ್ದಿರಬೇಕಲ್ಲವೆ? ಯಾವ ಪುಸ್ತಕವೂ ಅವರ ಸುದ್ದಿ ಎತ್ತುವುದಿಲ್ಲ.

ನಾನು ಇದನ್ನೆಲ್ಲ ಓದುವಂತಾದದ್ದು ತಂಗಿಯ ಮಗನಿಂದ. ಅಮೆರಿಕದ ಓಹಿಯೊದಲ್ಲಿ ಕೆಲಸದಲ್ಲಿರುವ ಹುಡುಗ ಕಾರು ನಿಲ್ಲಿಸುವ ಜಾಗದಲ್ಲಿ ವಿಮಾನ ಕಟ್ಟುತ್ತಿದ್ದಾನೆ. ಅಲ್ಲಿ ಅದಕ್ಕೆ ಕಾನೂನಿನ ಅವಕಾಶವಿದೆ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಕ್ಕಾಗಿ ತಾವೇ ಮಾಡಿರಬೇಕು, ಮೊದಲ ಇಪ್ಪತ್ತೈದೋ ನಲವತ್ತೋ ಗಂಟೆ ಯಾವ ಪ್ರಯಾಣಿಕರನ್ನೂ ಕೂರಿಸದೆ ಹಾರಿಸಿ ಪರೀಕ್ಷಿಸಬೇಕು. ಕಳೆದ ಬಾರಿ ಊರಿಗೆ ಬಂದಾಗ ಚಿತ್ರ ತೋರಿಸಿದ. ತಂಗಿ ಅಡಿಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಳು. “ಅಕ್ಕಾ, ನಿನ್ನ ಮಾತು ಕೇಳ್ತಾನೆ, ನೀನೇ ಹೇಳು,” ಎಂದಳು.

ಹೇಳುವ ಮೊದಲು ತಿಳಿಯಬೇಕಲ್ಲ. ಕೇಳಿದೆ. ಅವನು ರೆಕ್ಕೆಯ ಮುಂದಿನ ಅಂಚಿಗೆ ಕೆಳಮುಖವಾಗಿ ಬಾಗಿದ ಒಂದು ತೊಡಿಗೆಯನ್ನು ಸೇರಿಸಬೇಕೆಂದಿದ್ದ. “ಸ್ಟಾಲ್ ತಡವಾಗುತ್ತೆ ದೊಡ್ಡಮ್ಮ, ಸೇಫ್ಟಿಗೇ ಮಾಡ್ತಿರೋದು,” ಎಂದ. ನಾಸಾ ಸಂಸ್ಥೆಯವರು 1970ರ ದಶಕದಲ್ಲಿ ವರ್ಜೀನಿಯಾದ ಲ್ಯಾಂಗ್ಲಿಯಲ್ಲಿ ಒಂದು ಸಣ್ಣ ವಿಮಾನದ ಮೇಲೆ ಇದನ್ನು ಪರೀಕ್ಷಿಸಿದ್ದರೆಂದು ಅವನೇ ಕಾಗದ ಕೊಟ್ಟ. ಎರಡು ರಾತ್ರಿ ಕುಳಿತು, ಲೆಕ್ಕ ಬಂದಲ್ಲೆಲ್ಲ ಹಾರಿಸಿ ಓದಿದೆ.

ಅದರಲ್ಲಿದ್ದ ಕಥೆ ಇದು. ಬಾಗಿದ ಅಂಚನ್ನು ರೆಕ್ಕೆಯ ಉದ್ದಕ್ಕೂ ಹಾಕಿದಾಗ ಸ್ಟಾಲ್ ನಿಜವಾಗಿಯೂ ತಡವಾಯಿತು. ಆದರೆ ಒಮ್ಮೆ ಗಿರಕಿಗೆ ಬಿದ್ದರೆ ವಿಮಾನ ತಟ್ಟೆಯಂತೆ ಚಪ್ಪಟೆಯಾಗಿ ಸುತ್ತತೊಡಗುತ್ತಿತ್ತು, ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ. ಅದಕ್ಕೆಂದೇ ಬಾಲದಲ್ಲಿ ಒಂದು ಪ್ಯಾರಾಚೂಟ್ ಇಟ್ಟುಕೊಂಡು ಪರೀಕ್ಷೆ ಮಾಡುತ್ತಿದ್ದರು. ಅದೇ ಅಂಚನ್ನು ತುದಿಯ ಭಾಗಕ್ಕೆ ಮಾತ್ರ ಹಾಕಿ, ಅದು ಶುರುವಾಗುವ ಜಾಗದಲ್ಲಿ ಥಟ್ಟನೆ ಒಂದು ಮೆಟ್ಟಿಲಿನಂತೆ ಬಿಟ್ಟಾಗ ವಿಮಾನ ಗಿರಕಿಗೆ ಬೀಳುವುದೇ ಅಪರೂಪವಾಯಿತು. ಒಳಭಾಗ ಮೊದಲು ಸೋತರೂ ತುದಿಗಳು ಹಿಡಿದುಕೊಂಡಿರುತ್ತಿದ್ದವು. ನೋಟಕ್ಕೆ ಆ ಮೆಟ್ಟಿಲು ಒರಟು. ನುಣುಪಾಗಿ ಉಜ್ಜಿ ಸರಿಮಾಡೋಣ ಎಂದು ಯಾರಿಗಾದರೂ ಅನ್ನಿಸೀತು. ಹಾಗೆ ಉಜ್ಜಿದರೆ ಅದರ ಗುಣವೇ ಹೋಗುತ್ತದೆ.

ಬ್ಲೌಸ್ ಆಲ್ಟರ್ ಮಾಡಿಸಿದ ಯಾವ ಹೆಂಗಸಿಗೂ ಇದು ಅರ್ಥವಾಗುತ್ತದೆ. ಭುಜದಲ್ಲಿ ಒಂದಿಷ್ಟು ಹಿಡಿದರೆ ಕಂಕುಳಲ್ಲಿ ಎಳೆಯುತ್ತದೆ, ಕಂಕುಳು ಬಿಟ್ಟರೆ ಕುತ್ತಿಗೆ ಎದ್ದು ನಿಲ್ಲುತ್ತದೆ.

“ಈ ಪರೀಕ್ಷೆ ನಿನ್ನ ವಿಮಾನದ ಮೇಲೆ ಮಾಡಿದ್ದಾರೇನೋ?” ಎಂದು ಕೇಳಿದೆ.

“ಹೆಚ್ಚೂ ಕಡಿಮೆ ಅಂಥದ್ದೇ ರೆಕ್ಕೆ ದೊಡ್ಡಮ್ಮ.”

“ನಿಮ್ಮಮ್ಮನೂ ನಾನೂ ಹೆಚ್ಚೂ ಕಡಿಮೆ ಒಂದೇ ಮೈಕಟ್ಟು. ಅವಳ ಬ್ಲೌಸ್ ನನಗೆ ಯಾವತ್ತಾದರೂ ಕೂತಿದೆಯಾ?”

ನಕ್ಕ. ಆಮೇಲೆ ಬರ್ಟ್ ರುಟಾನ್ ಕಥೆ ಅವನೇ ಹೇಳಿದ. ಮುಂದುಗಡೆ ಪುಟ್ಟ ರೆಕ್ಕೆಯಿಟ್ಟು, ಅದೇ ಮೊದಲು ಸ್ಟಾಲ್ ಆಗಿ ಮೂತಿ ತಾನಾಗಿ ಕೆಳಗಿಳಿಯುವಂತೆ ಮಾಡಿದ ಜಾಣ. 1970ರ ದಶಕದಿಂದ ಅವನ ನಕ್ಷೆ ಕೊಂಡು ಎಷ್ಟೋ ಜನ ಮನೆಯಲ್ಲಿ ವಿಮಾನ ಕಟ್ಟಿದರು. ಅವನ ಲಾಂಗ್-ಈಜಿ಼ಯ ಮಾದರಿಯಲ್ಲೇ ನಮ್ಮ ಬೆಂಗಳೂರಿನ ಎನ್‌ಎಎಲ್ ಕೂಡ 1980ರ ದಶಕದಲ್ಲಿ ಒಂದು ಸಂಶೋಧನಾ ವಿಮಾನ ಕಟ್ಟಿ ಹಾರಿಸಿತ್ತು. ಅಂಥ ವಿಮಾನಕ್ಕೂ ಒಂದು ತೊಡಕು: ಮಳೆಯಲ್ಲಿ ಆ ಪುಟ್ಟ ರೆಕ್ಕೆಯ ಮೇಲೆ ಹನಿ ಕೂತರೆ ಎತ್ತುವ ಬಲ ಕುಗ್ಗಿ ಮೂತಿ ಬಾಗುತ್ತಿತ್ತು. ಜಾನ್ ರಾಂಜ಼್ ಎಂಬಾತ ರೆಕ್ಕೆಯ ಆಕಾರವನ್ನೇ ಹೊಸದಾಗಿ ರೂಪಿಸಿದ ಮೇಲೆ ಅದು ಸರಿಹೋಯಿತು. ಮಳೆಹನಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದರೆ ಯಾರಿಗೆ ಹೊಳೆದೀತು!

ವಿಮಾನ ಬೇಡವೆಂದು ನಾನು ಹೇಳಲಿಲ್ಲ. ತಂಗಿಗೆ ಸಿಟ್ಟು ಬಂದಿದೆ, ಬರಲಿ. ಮೂವತ್ತೈದು ದಾಟಿದವನು, ನಾಲ್ಕು ವರ್ಷದಿಂದ ರಜೆ ದಿನವನ್ನೆಲ್ಲ ಅದಕ್ಕೆ ಸುರಿದಿದ್ದಾನೆ. ಬೇಡವೆಂದರೆ ನಮಗೆ ಹೇಳದೆ ಹಾರಿಸುತ್ತಾನೆ, ಅಷ್ಟೇ ವ್ಯತ್ಯಾಸ. ನಾನು ಹೇಳಿದ್ದು ರೆಕ್ಕೆಯ ತಿದ್ದುಪಡಿಯ ಬಗ್ಗೆ ಮಾತ್ರ. ಎರಡು ದಿನ ಮುಖ ಊದಿಸಿಕೊಂಡಿದ್ದು ಮೂರನೆಯ ದಿನ ಒಪ್ಪಿದ. ಮೊದಲು ನಕ್ಷೆಯಲ್ಲಿರುವಂತೆಯೇ ಕಟ್ಟಿ, ಒಬ್ಬ ಅನುಭವಿಯ ಹತ್ತಿರ ಕಲಿತು, ಸಾಕಷ್ಟು ಎತ್ತರದಲ್ಲಿ ಮೆಲ್ಲಗೆ ಸ್ಟಾಲ್ ಮಾಡಿ ನೋಡುತ್ತಾನಂತೆ. ರೆಕ್ಕೆಯ ಮೇಲೆ ಉಣ್ಣೆಯ ಎಳೆಗಳನ್ನು ಸಾಲಾಗಿ ಅಂಟಿಸುತ್ತಾರೆ. ಗಾಳಿ ನೆಟ್ಟಗಿರುವಲ್ಲಿ ಎಳೆ ಮಲಗಿರುತ್ತದೆ, ಗಾಳಿ ಬಿಟ್ಟ ಕಡೆ ಎದ್ದು ಕುಣಿಯುತ್ತದೆ. ಎಲ್ಲಿ ಮೊದಲು ಕುಣಿಯಿತು, ಅದು ಎತ್ತ ಹರಡಿತು ಎಂಬುದನ್ನು ಕ್ಯಾಮೆರಾದಲ್ಲಿ ಹಿಡಿದು ನೋಡುವುದು. ಆ ಮೇಲೆ ತೊಡಿಗೆಯ ಯೋಚನೆ.

“ಮನೇಲಿ ಹಳೇ ಉಣ್ಣೆ ಏನಾದರೂ ಇದೆಯಾ ಅಮ್ಮ?” ಎಂದು ಕೇಳಿದ.

“ಅಷ್ಟು ದೊಡ್ಡ ದೇಶದಲ್ಲಿ ಉಣ್ಣೆ ಸಿಗಲ್ವೇನೋ?” ಎಂದಳು ತಂಗಿ.

“ಸಿಗುತ್ತೆ.”

ಅವಳು ಮತ್ತೇನೂ ಕೇಳಲಿಲ್ಲ. ಟ್ರಂಕಿನ ತಳದಿಂದ ಅವನ ಹೈಸ್ಕೂಲಿನ ಕಾಲದ ಸ್ವೆಟರ್ ಹೆಣೆದು ಉಳಿದಿದ್ದ ಕೆಂಪು ಉಂಡೆಯನ್ನು ತೆಗೆದಳು. ಬಿಳಿ ರೆಕ್ಕೆಗೆ ಕೆಂಪು ಚೆನ್ನಾಗಿ ಕಾಣುತ್ತದೆ ಎಂದ ಅವನು. ನಾಲ್ಕು ಅಂಗುಲದ ತುಂಡುಗಳು ಬೇಕಂತೆ. ಸ್ಕೇಲ್ ಇಟ್ಟುಕೊಂಡು ಕತ್ತರಿಸಲು ಕುಳಿತಳು, ಮೊದಲನೆಯ ತುಂಡು ಅರ್ಧ ಅಂಗುಲ ಉದ್ದ ಬಂತೆಂದು ಪಕ್ಕಕ್ಕಿಟ್ಟು ಇನ್ನೊಂದು ಕತ್ತರಿಸಿದಳು.