ಉಳಿಸುವುದೋ, ತೋರಿಸುವುದೋ?

ಹಳೆಯ ಸಿನಿಮಾಗಳ ಮಾತು ಬಂತೆಂದರೆ ಮನೆಯಲ್ಲಿ ಜಗಳಕ್ಕೆ ಬೇರೆ ಕಾರಣ ಬೇಕಿಲ್ಲ. ‘ಬೇಡರ ಕಣ್ಣಪ್ಪ’ದಂಥ ಚಿತ್ರ ಮತ್ತೆ ಬರಲೇ ಇಲ್ಲ ಎಂದು ಅಜ್ಜಿ ಹೇಳಿದರೆ, ‘ಬಂಗಾರದ ಮನುಷ್ಯ’ವನ್ನು ಬಿಟ್ಟು ಪಟ್ಟಿ ಮಾಡುವುದಾದರೂ ಹೇಗೆ ಎಂದು ಅಪ್ಪ ಕೇಳುತ್ತಾರೆ. ಅಮ್ಮನಿಗೆ ‘ಶರಪಂಜರ’ವೇ ಬೇಕು. ಕಾಲೇಜಿಗೆ ಹೋಗುವ ಮಗನಿಗೆ ಈ ಮೂರೂ ಬೇಡ. ಹಬ್ಬದ ದಿನ ಊಟದ ಎಲೆಯ ಮುಂದೆ ಶುರುವಾದ ಈ ಜಗಳ ಎಲೆ ಎತ್ತುವುದರೊಳಗೆ ಮುಗಿದುಹೋಗುತ್ತದೆ. ಯಾರಿಗೂ ನಷ್ಟವಿಲ್ಲ.

ಆದರೆ ಇದೇ ಜಗಳವನ್ನು ಜೀವಮಾನವಿಡೀ ಆಡಿದವರಿದ್ದಾರೆ. ಅವರ ಜಗಳದಲ್ಲಿ ಒಂದು ಚಿತ್ರ ಸೋತಿತೆಂದರೆ ಅದು ಪಟ್ಟಿಯಿಂದಷ್ಟೇ ಅಲ್ಲ, ಲೋಕದಿಂದಲೇ ಇಲ್ಲವಾಗುವ ಸಂಭವವಿತ್ತು. ಪ್ಯಾರಿಸ್ಸಿನ ಆನ್ರಿ ಲಾಂಗ್ಲ್ವಾ ಮತ್ತು ಲಂಡನ್ನಿನ ಅರ್ನೆಸ್ಟ್ ಲಿಂಡ್‌ಗ್ರೆನ್ ಅಂಥ ಇಬ್ಬರು. ಸಿನಿಮಾವನ್ನು ಇಬ್ಬರೂ ಪ್ರೀತಿಸಿದರು. ಅದನ್ನು ಕಾಪಾಡುವ ಬಗೆಯಲ್ಲಿ ಮಾತ್ರ ಇಬ್ಬರದೂ ಎಣ್ಣೆ ಸೀಗೇಕಾಯಿ.

ಪಟ್ಟಿಗಳ ಚಂಚಲ ಸ್ವಭಾವ

ಮೊದಲು ಪಟ್ಟಿಗಳ ವಿಚಾರ ನೋಡೋಣ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಎಂಬ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳಿ ಜಗತ್ತಿನ ಶ್ರೇಷ್ಠ ಚಿತ್ರಗಳ ಪಟ್ಟಿಯನ್ನು ಪ್ರಕಟಿಸುತ್ತ ಬಂದಿದೆ. ಮೊದಲ ಸಲ ಗೆದ್ದದ್ದು ಇಟಲಿಯ ‘ಬೈಸಿಕಲ್ ಥೀವ್ಸ್’. ಆಗ ಆ ಚಿತ್ರಕ್ಕೆ ಬರೀ ನಾಲ್ಕು ವರ್ಷ ವಯಸ್ಸು. 1941ರಲ್ಲೇ ತೆರೆಕಂಡಿದ್ದ ಆರ್ಸನ್ ವೆಲ್ಸ್‌ನ ‘ಸಿಟಿಜನ್ ಕೇನ್’ ಅಂದಿನ ಮೊದಲ ಹತ್ತರಲ್ಲೂ ಇರಲಿಲ್ಲ. ಅದೇ ಚಿತ್ರ 1962ರಲ್ಲಿ ಮೊದಲ ಸ್ಥಾನಕ್ಕೆ ಏರಿ 2002ರವರೆಗೆ ಐದು ಸಲ ಅಲ್ಲೇ ಕೂತಿತು.

1958ರಲ್ಲಿ ಬಿಡುಗಡೆಯಾದಾಗ ಹಿಚ್‌ಕಾಕ್‌ನ ‘ವರ್ಟಿಗೊ’ವನ್ನು ವಿಮರ್ಶಕರು ಅಷ್ಟಾಗಿ ಮೆಚ್ಚಿರಲಿಲ್ಲ. 1962 ಮತ್ತು 1972ರ ಮೊದಲ ಹತ್ತರಲ್ಲಿ ಅದರ ಸುಳಿವಿಲ್ಲ. 1982ರಲ್ಲಿ ಒಳಗೆ ಬಂದು, ಮೆಲ್ಲಮೆಲ್ಲನೆ ಮೇಲೇರಿ, 2012ರಲ್ಲಿ ‘ಕೇನ್’ನನ್ನೇ ಕೆಳಗಿಳಿಸಿತು. 2022ರಲ್ಲಿ ಅದನ್ನೂ ಹಿಂದೆ ಹಾಕಿ ಮೊದಲಿಗೆ ಬಂದದ್ದು ಬೆಲ್ಜಿಯಂನ ಶಾಂತಾಲ್ ಆಕರ್‌ಮನ್ ಎಂಬಾಕೆ 1975ರಲ್ಲಿ, ತನ್ನ ಇಪ್ಪತ್ತೈದರ ಹರೆಯದಲ್ಲಿ ತೆಗೆದ ‘ಜಾನ್ ದೀಲ್‌ಮಾನ್’. ಆಲೂಗಡ್ಡೆ ಸಿಪ್ಪೆ ಸುಲಿಯುತ್ತ, ಹಾಸಿಗೆ ಸರಿಮಾಡುತ್ತ ಒಬ್ಬ ಗೃಹಿಣಿ ಕಳೆಯುವ ಮೂರು ದಿನಗಳ ಕಥೆ ಅದು. ಅದು ತೆರೆಕಂಡ ಕಾಲದಲ್ಲಿ ‘ಇದೇ ಮುಂದೆ ಮೊದಲನೆಯದು’ ಎಂದಿದ್ದರೆ ಕೇಳಿದವರು ನಕ್ಕುಬಿಡುತ್ತಿದ್ದರು.

ಹಾಗಾದರೆ ಮೊದಲಿನವರ ತೀರ್ಪು ತಪ್ಪಾಗಿತ್ತೇ? ಹಾಗೆ ಹೇಳಲಾಗದು. ನೋಡುವ ಕಣ್ಣು ಬದಲಾಯಿತು, ಅಷ್ಟೆ. ಈ ಕಾಲಕ್ಕೆ ಸಪ್ಪೆ ಎನಿಸಿದ್ದು ಮುಂದಿನ ಕಾಲಕ್ಕೆ ರುಚಿಸೀತು. ಆದರೆ ರುಚಿ ನೋಡಲು ಪದಾರ್ಥ ಉಳಿದಿರಬೇಕಲ್ಲ! 1972ರಲ್ಲಿ ಯಾರಾದರೂ ಆ ಕಾಲದ ಪಟ್ಟಿಯನ್ನೇ ನಂಬಿ ಮಿಕ್ಕ ರೀಲುಗಳನ್ನೆಲ್ಲ ಗುಜರಿಗೆ ಹಾಕಿದ್ದರೆ ‘ವರ್ಟಿಗೊ’ ಇಂದು ಬರೀ ಹೆಸರಾಗಿ ಉಳಿಯುತ್ತಿತ್ತು. ಪಟ್ಟಿ ಮಾಡುವುದು ತಪ್ಪಲ್ಲ. ಪಟ್ಟಿಯಲ್ಲಿಲ್ಲದ್ದನ್ನು ಎಸೆಯುವುದು ತಪ್ಪು.

ಹುಚ್ಚನೂ ಜಿಪುಣನೂ

1914ರಲ್ಲಿ ಹುಟ್ಟಿದ ಲಾಂಗ್ಲ್ವಾ 1936ರಲ್ಲಿ, ಇನ್ನೂ ಇಪ್ಪತ್ತೊಂದರ ಹುಡುಗನಾಗಿದ್ದಾಗ, ಗೆಳೆಯ ಜಾರ್ಜ್ ಫ್ರಾಂಜು ಮುಂತಾದವರ ಜೊತೆ ‘ಸಿನೆಮಾತೆಕ್ ಫ್ರಾಂಸೇಸ್’ ಎಂಬ ಸಂಗ್ರಹಾಲಯವನ್ನು ಕಟ್ಟಿದ. ಮಾತನಾಡುವ ಚಿತ್ರಗಳು ಬಂದು ಮೂಕಿ ಚಿತ್ರಗಳಿಗೆ ಬೆಲೆ ಇಲ್ಲದಂತಾಗಿದ್ದ ಕಾಲ ಅದು. ಫಿಲಂನಲ್ಲಿರುವ ಬೆಳ್ಳಿಯ ಆಸೆಗೆ ರೀಲುಗಳನ್ನು ಕರಗಿಸಿ ಮಾರುತ್ತಿದ್ದರು. ಲಾಂಗ್ಲ್ವಾ ಕೈಗೆ ಸಿಕ್ಕಿದ್ದನ್ನೆಲ್ಲ ತಂದು ತುಂಬಿದ. ಜಾಗ ಸಾಲದೆ ಸ್ನಾನದ ತೊಟ್ಟಿಯಲ್ಲೂ ಡಬ್ಬಗಳನ್ನು ಪೇರಿಸಿದ್ದನೆಂಬ ಕಥೆಯಿದೆ. ಜರ್ಮನ್ನರು ಪ್ಯಾರಿಸ್ ಹಿಡಿದಾಗ ಪರಿಚಯದವರ ಮನೆಗಳಲ್ಲಿ ರೀಲುಗಳನ್ನು ಬಚ್ಚಿಟ್ಟ. ಒಳ್ಳೆಯದು, ಕೆಟ್ಟದ್ದು ಎಂದು ಆರಿಸಲು ನಾವು ಯಾರು ಎಂಬುದು ಅವನ ವಾದ. ಜೊತೆಗೆ, ತೆರೆಯ ಮೇಲೆ ಬಾರದ ಚಿತ್ರ ಸತ್ತಂತೆಯೇ ಎಂಬ ನಂಬಿಕೆ. ದಿನವೂ ತೋರಿಸಿದ. ಅವನ ಪುಟ್ಟ ಚಿತ್ರಮಂದಿರದಲ್ಲಿ ಮುಂದಿನ ಸಾಲಿನಲ್ಲಿ ಕೂತು ನೋಡುತ್ತಿದ್ದ ಹುಡುಗರಲ್ಲಿ ತ್ರುಫೊ, ಗೊದಾರ್ ಮುಂತಾದವರು ಇದ್ದರು. ಮುಂದೆ ಫ್ರೆಂಚ್ ಸಿನಿಮಾದ ದಾರಿಯನ್ನೇ ಬದಲಿಸಿದವರು ಇವರು. 1968ರ ಫೆಬ್ರವರಿಯಲ್ಲಿ ಸರ್ಕಾರ ಲಾಂಗ್ಲ್ವಾನನ್ನು ಕೆಲಸದಿಂದ ತೆಗೆದಾಗ ಇವರೆಲ್ಲ ಬೀದಿಗಿಳಿದರು. ಏಪ್ರಿಲ್‌ನಲ್ಲಿ ಅವನನ್ನು ಮತ್ತೆ ಕೂರಿಸಬೇಕಾಯಿತು.

ಲಿಂಡ್‌ಗ್ರೆನ್ ತದ್ವಿರುದ್ಧ. 1935ರಲ್ಲಿ ಆರಂಭವಾದ ಬ್ರಿಟನ್ನಿನ ರಾಷ್ಟ್ರೀಯ ಚಿತ್ರ ಭಂಡಾರವನ್ನು ಬೆಳೆಸಿದ ಈ ಮನುಷ್ಯ ಅಳೆದು ಸುರಿದು ಕೆಲಸ ಮಾಡುವವನು. ಇರುವ ಹಣ ಕಡಿಮೆ, ಹಾಳಾಗುತ್ತಿರುವ ಚಿತ್ರಗಳು ಹೆಚ್ಚು. ಆದ್ದರಿಂದ ಒಂದು ಸಮಿತಿ ಕೂತು ಆರಿಸಲಿ, ಆರಿಸಿದ್ದನ್ನು ಸರಿಯಾದ ಉಷ್ಣತೆಯಲ್ಲಿ ಭದ್ರವಾಗಿಡೋಣ ಎಂಬುದು ಅವನ ಲೆಕ್ಕ. ಪ್ರೊಜೆಕ್ಟರ್‌ನ ಹಲ್ಲುಗಳ ನಡುವೆ ಹಾದುಹೋದಾಗಲೆಲ್ಲ ಫಿಲಂ ಅಷ್ಟಷ್ಟು ಸವೆಯುತ್ತದೆ, ಗೀರು ಬೀಳುತ್ತದೆ. ಇರುವುದೊಂದೇ ಪ್ರತಿಯಾದರೆ ಅದನ್ನು ಓಡಿಸಲೇಕೂಡದು. ಮೊದಲು ನಕಲು, ಆಮೇಲೆ ಪ್ರದರ್ಶನ. ನೋಡಲು ಬಂದು ಬರಿಗೈಯಲ್ಲಿ ಹೋದವರು ಅವನನ್ನು ಜಿಪುಣನೆಂದರು.

ಕುತೂಹಲದ ಸಂಗತಿಯೆಂದರೆ, ಈ ವಾದದಲ್ಲಿ ರಸಾಯನಶಾಸ್ತ್ರವೂ ಒಂದು ಪಕ್ಷ ವಹಿಸಿತು.

ಡಬ್ಬದೊಳಗಿನ ರಸಾಯನಶಾಸ್ತ್ರ

1950ರ ದಶಕದ ಆರಂಭದವರೆಗೂ ಚಿತ್ರಮಂದಿರಗಳ ಫಿಲಂ ಬಹುಪಾಲು ಸೆಲ್ಯುಲೋಸ್ ನೈಟ್ರೇಟಿನದು. ಇದು ಸಿಡಿಮದ್ದಾಗಿ ಬಳಸುವ ಗನ್‌ಕಾಟನ್‌ನ ಹತ್ತಿರದ ನೆಂಟ. ಉರಿಯಲು ಬೇಕಾದ ಆಮ್ಲಜನಕ ಇದರ ಅಣುವಿನೊಳಗೇ ಇರುವುದರಿಂದ, ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಬೆಂಕಿ ತಾಗದಿದ್ದರೂ ಇದು ನೆಮ್ಮದಿಯಾಗಿ ಇರುವಂಥದಲ್ಲ. ತಾನಾಗಿಯೇ ವಿಘಟನೆಗೊಂಡು ನೈಟ್ರೋಜನ್ ಆಕ್ಸೈಡ್‌ಗಳನ್ನು ಬಿಡುತ್ತದೆ. ಅವು ತೇವಾಂಶದೊಡನೆ ಸೇರಿ ಆಮ್ಲವಾಗುತ್ತವೆ. ಆ ಆಮ್ಲ ವಿಘಟನೆಯನ್ನು ಇನ್ನೂ ಚುರುಕುಗೊಳಿಸುತ್ತದೆ. ಚಿತ್ರ ಮಸುಕಾಗಿ, ಸುರುಳಿ ಅಂಟಂಟಾಗಿ, ಕೊನೆಗೆ ಡಬ್ಬದಲ್ಲಿ ಕಂದು ಪುಡಿಯಷ್ಟೇ ಉಳಿಯುತ್ತದೆ.

ಯಾವ ರೀಲು ಮೊದಲು ಸಾಯುತ್ತದೆಂದು ತಿಳಿಯಲು ಲಿಂಡ್‌ಗ್ರೆನ್ನನ ಭಂಡಾರದಲ್ಲಿ ಬಳಸುತ್ತಿದ್ದ ಪರೀಕ್ಷೆ ಶಾಲೆಯ ಪ್ರಯೋಗಾಲಯದಷ್ಟೇ ಸರಳ. ಫಿಲಂನಿಂದ ಒಂದು ಪುಟ್ಟ ಬಿಲ್ಲೆಯನ್ನು ಕತ್ತರಿಸಿ ಪ್ರನಾಳದಲ್ಲಿ ಹಾಕಿ, ಅಲಿಜರಿನ್ ಎಂಬ ಕೆಂಪು ಬಣ್ಣ ಹಚ್ಚಿದ ಕಾಗದದ ಜೊತೆ ಕಾಯಿಸುವುದು. ಹೊರಬರುವ ಆಮ್ಲದ ಆವಿಗೆ ಕೆಂಪು ಮಾಸುತ್ತದೆ. ಬೇಗ ಮಾಸಿದರೆ ಆ ಚಿತ್ರಕ್ಕೆ ಆಯುಸ್ಸು ಕಡಿಮೆ, ಅದನ್ನು ಮೊದಲು ನಕಲು ಮಾಡಬೇಕು. ತಡವಾಗಿ ಮಾಸಿದರೆ ಕಾಯಬಹುದು. ವೈದ್ಯರು ರೋಗಿಗಳ ಸಾಲಿನಲ್ಲಿ ಯಾರನ್ನು ಮೊದಲು ಒಳಗೆ ಕರೆಯಬೇಕೆಂದು ನಾಡಿ ಹಿಡಿದು ನೋಡಿದಂತೆ!

ನೈಟ್ರೇಟಿನ ನಂತರ ಬಂದ ಅಸಿಟೇಟ್ ಫಿಲಂಗೆ ‘ಸೇಫ್ಟಿ ಫಿಲಂ’ ಎಂದೇ ಹೆಸರು. ಬೆಂಕಿಯ ಭಯ ತಪ್ಪಿತು, ಸಾವು ತಪ್ಪಲಿಲ್ಲ. ಸೆಕೆ ಮತ್ತು ತೇವ ಸೇರಿದಲ್ಲಿ ಅದು ಅಸಿಟಿಕ್ ಆಮ್ಲ ಬಿಡತೊಡಗುತ್ತದೆ. ಡಬ್ಬ ತೆರೆದರೆ ವಿನೆಗರ್ ವಾಸನೆ. ಕಾಯಿಲೆ ಹಿಡಿದ ಒಂದು ರೀಲಿನ ಆವಿ ಪಕ್ಕದ ರೀಲುಗಳನ್ನೂ ಕೆಡಿಸಬಲ್ಲದು. ಇಷ್ಟನ್ನು ತಿಳಿದ ಮೇಲೆ ಲಿಂಡ್‌ಗ್ರೆನ್ನನನ್ನು ಜಿಪುಣನೆನ್ನಲು ಬಾಯಿ ಬರುವುದಿಲ್ಲ. ಲಾಂಗ್ಲ್ವಾನ ಕಡೆ ಲೆಕ್ಕಪತ್ರ ಅಷ್ಟಕ್ಕಷ್ಟೇ. 1959ರಲ್ಲಿ ಅವನ ಒಂದು ಉಗ್ರಾಣಕ್ಕೆ ಬೆಂಕಿ ಬಿದ್ದಾಗ ಅಲ್ಲಿನ ರೀಲುಗಳು ಬೂದಿಯಾದವು. ಪ್ರೀತಿ ಇದ್ದರಷ್ಟೇ ಸಾಲದು, ಥರ್ಮಾಮೀಟರೂ ಬೇಕು.

ಆಸ್ಪತ್ರೆಯ ಕಪಾಟಿನಲ್ಲಿ ಸಿಕ್ಕಿದ್ದು

ಆದರೆ ಲಾಂಗ್ಲ್ವಾನ ವಾದಕ್ಕೆ ಬಲ ಕೊಡುವ ಘಟನೆಗಳೂ ಉಂಟು. ಡೆನ್ಮಾರ್ಕಿನ ಕಾರ್ಲ್ ಡ್ರೈಯರ್ 1928ರಲ್ಲಿ ತೆಗೆದ ‘ಜೋನ್ ಆಫ್ ಆರ್ಕ್’ ಚಿತ್ರದ ಮೂಲ ನೆಗೆಟಿವ್ ಅದೇ ವರ್ಷ ಬರ್ಲಿನ್ನಿನಲ್ಲಿ ಸುಟ್ಟುಹೋಯಿತು. ಡ್ರೈಯರ್ ಮಿಕ್ಕಿದ್ದ ತುಣುಕುಗಳಿಂದ ಎರಡನೆಯ ಆವೃತ್ತಿ ಕಟ್ಟಿದ. ಅದರ ನೆಗೆಟಿವ್ ಕೂಡ ಬೆಂಕಿಗೆ ಹೋಯಿತು. ಊರೂರು ಅಲೆದ ಕತ್ತರಿಸಿದ ಪ್ರತಿಗಳನ್ನು ನೋಡಿಯೇ 1952ರ ವಿಮರ್ಶಕರು ಅದನ್ನು ಮೊದಲ ಹತ್ತರಲ್ಲಿ ಸೇರಿಸಿದ್ದರು. 1981ರಲ್ಲಿ ನಾರ್ವೆಯ ಓಸ್ಲೋದ ಒಂದು ಮಾನಸಿಕ ಆಸ್ಪತ್ರೆಯ ಕಪಾಟಿನಲ್ಲಿ ಮೊದಲ ಆವೃತ್ತಿಯ ಪ್ರತಿ ಸಿಕ್ಕಿತು. ಡ್ರೈಯರ್ ತೀರಿಹೋಗಿ ಆಗಲೇ ಹದಿಮೂರು ವರ್ಷವಾಗಿತ್ತು. 2008ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ಸಿನಿಮಾ ಮ್ಯೂಸಿಯಂನಲ್ಲಿ, 1927ರ ‘ಮೆಟ್ರೊಪೊಲಿಸ್’ ಚಿತ್ರದ ಕಳೆದುಹೋಗಿದ್ದ ಸುಮಾರು 25 ನಿಮಿಷಗಳ ಭಾಗ ಸಿಕ್ಕಿತು. ಇವನ್ನು ಯಾವ ಸಮಿತಿಯೂ ಆರಿಸಿ ಅಲ್ಲಿಟ್ಟಿರಲಿಲ್ಲ. ಯಾರೋ ಎಸೆಯದೆ ಬಿಟ್ಟಿದ್ದರು, ಅಷ್ಟೆ.

ನಮ್ಮ ಮನೆಯ ಲೆಕ್ಕ

ನಮ್ಮ ದೇಶದ ಲೆಕ್ಕ ಸಂತೋಷ ಕೊಡುವಂಥದಲ್ಲ. ಭಾರತದಲ್ಲಿ ತಯಾರಾದ ಸಾವಿರದ ಮುನ್ನೂರಕ್ಕೂ ಹೆಚ್ಚು ಮೂಕಿ ಚಿತ್ರಗಳಲ್ಲಿ ಉಳಿದಿರುವುದು ಮೂವತ್ತರ ಆಸುಪಾಸು, ಅವೂ ಅನೇಕ ತುಂಡು ತುಂಡಾಗಿ. ನಮ್ಮ ಮೊದಲ ಮಾತಿನ ಚಿತ್ರ ‘ಆಲಂ ಆರಾ’ (1931) ಇಲ್ಲ. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ವೂ ಇಲ್ಲ. ವೈ.ವಿ. ರಾವ್ ನಿರ್ದೇಶನದಲ್ಲಿ ಸುಬ್ಬಯ್ಯ ನಾಯ್ಡು ಇಂದ್ರಜಿತುವಾಗಿ, ಆರ್. ನಾಗೇಂದ್ರರಾಯರು ರಾವಣನಾಗಿ, ತ್ರಿಪುರಾಂಬ ಸುಲೋಚನೆಯಾಗಿ ಅಭಿನಯಿಸಿದ್ದರೆಂದು ಪುಸ್ತಕಗಳಲ್ಲಿ ಓದಬಹುದು. ರಾವಣನ ದನಿ ಹೇಗಿತ್ತೆಂದು ಕೇಳಲು ಮಾತ್ರ ಸಾಧ್ಯವಿಲ್ಲ.

ಉಳಿದಷ್ಟಾದರೂ ಉಳಿದದ್ದಕ್ಕೆ 1964ರಲ್ಲಿ ಪುಣೆಯಲ್ಲಿ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಭಂಡಾರ ಮತ್ತು ಅದನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಅವರು ಕಾರಣ. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ದ ರೀಲುಗಳನ್ನು ಉಳಿಸಿಕೊಟ್ಟವರು ಅವರೇ. 1991ರಲ್ಲಿ ನಿವೃತ್ತರಾಗುವವರೆಗೂ ಊರೂರು ಸುತ್ತಿ ಡಬ್ಬ ಹೊತ್ತು ತಂದರು. ಕೂಡಿಡುವುದರಲ್ಲಿ ಅವರು ಲಾಂಗ್ಲ್ವಾನ ಬಳಗ, ಲೆಕ್ಕ ಇಡುವುದರಲ್ಲಿ ಲಿಂಡ್‌ಗ್ರೆನ್ನನ ಬಳಗ ಎನ್ನಬಹುದು.

ಕೂಡಿಟ್ಟದ್ದನ್ನು ತೋರಿಸಬೇಕೆಂಬ ಮಾತಿಗೆ ಕರ್ನಾಟಕದಲ್ಲೇ ಒಂದು ಒಳ್ಳೆಯ ಉದಾಹರಣೆಯಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ಮುಂದಾಳತನದಲ್ಲಿ 1973ರಲ್ಲಿ ನೀನಾಸಂ ಚಿತ್ರಸಮಾಜ ಹುಟ್ಟಿತು. ಪುಣೆಯ ಭಂಡಾರದ ರೀಲುಗಳು ಮಲೆನಾಡಿನ ಆ ಹಳ್ಳಿಗೆ ಬಂದವು. ಪ್ರೊ. ಸತೀಶ್ ಬಹಾದೂರ್ ಅಂಥವರು ಬಂದು ಸಿನಿಮಾ ನೋಡುವ ಬಗೆಯನ್ನು ತಿಳಿಸಿಕೊಟ್ಟರು. ಅಡಿಕೆ ತೋಟದ ಕೆಲಸ ಮುಗಿಸಿ ಬಂದ ಜನ ‘ಬೈಸಿಕಲ್ ಥೀವ್ಸ್’ ನೋಡಿದರು, ‘ಪಥೇರ್ ಪಾಂಚಾಲಿ’ ನೋಡಿದರು. ಸೈಕಲ್ ಕಳೆದುಕೊಂಡ ಬಡವನ ಸಂಕಟ ತಿಳಿಯಲು ಇಟಾಲಿಯನ್ ಬರಬೇಕಾಗಿರಲಿಲ್ಲ.

ಕೊನೆಗೆ ಈ ಜಗಳದಲ್ಲಿ ಗೆದ್ದವರು ಯಾರು? ಕನ್ನಡದ್ದೇ ಒಂದು ಚಿತ್ರ ಇದಕ್ಕೆ ಉತ್ತರ ಕೊಡುತ್ತದೆ. ಅನಂತಮೂರ್ತಿಯವರ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ತೆಗೆದ ‘ಘಟಶ್ರಾದ್ಧ’ ರಾಷ್ಟ್ರಪತಿಗಳ ಸ್ವರ್ಣಕಮಲ ಪಡೆದ ಚಿತ್ರ. ಪ್ರಶಸ್ತಿ ಬಂದ ಚಿತ್ರಗಳಿಗೂ ಫಂಗಸ್ ಹಿಡಿಯುತ್ತದೆ. ಅದೃಷ್ಟವಶಾತ್ ಅದರ ಮೂಲ ನೆಗೆಟಿವ್ ಪುಣೆಯ ಭಂಡಾರದಲ್ಲಿತ್ತು. ಅದರಿಂದಲೇ ಚಿತ್ರವನ್ನು ಹೊಸದಾಗಿ ಸಂಸ್ಕರಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲಾಯಿತು. ಭದ್ರವಾಗಿ ಇಟ್ಟಿದ್ದರಿಂದ ಉಳಿಯಿತು. ತೋರಿಸಿದ್ದರಿಂದ ಬದುಕಿತು. ಒಬ್ಬರ ಕೆಲಸ ಇನ್ನೊಬ್ಬರಿಲ್ಲದೆ ಪೂರ್ತಿಯಾಗುವುದಿಲ್ಲ.

ವಿದ್ಯಾರ್ಥಿಗಳು ಈ ರಜೆಯಲ್ಲಿ ಒಂದು ಕೆಲಸ ಮಾಡಬಹುದು. ಉಳಿಸಲೇಬೇಕಾದ ಹತ್ತು ಚಿತ್ರಗಳ ಪಟ್ಟಿಯನ್ನು ಅಪ್ಪ, ಅಮ್ಮ, ಅಜ್ಜಿಯ ಜೊತೆ ಕೂತು ಮಾಡಿ. ಪ್ರತಿಯೊಂದರ ಮುಂದೆಯೂ ‘ಏಕೆ’ ಎಂದು ಎರಡು ಸಾಲು ಬರೆಯಿರಿ, ಕೆಳಗೆ ತಾರೀಖು ಹಾಕಿ ಎತ್ತಿಡಿ. ಹತ್ತು ವರ್ಷದ ಮೇಲೆ ತೆಗೆದು ನೋಡಿದರೆ ಎಷ್ಟು ಹೆಸರು ಬದಲಾಗಿವೆಯೆಂದು ತಿಳಿಯುತ್ತದೆ. ತಂದೆತಾಯಂದಿರಿಗೂ ಒಂದು ಕೆಲಸವಿದೆ. ಅಟ್ಟದ ಮೇಲೆ ಟ್ರಂಕಿನಲ್ಲಿ ಮದುವೆಯ ವಿಡಿಯೋ ಕ್ಯಾಸೆಟ್ಟೋ, ಹಳೆಯ ಫೋಟೋ ನೆಗೆಟಿವ್‌ಗಳೋ ಇದ್ದರೆ ಕೆಳಗಿಳಿಸಿ. ಹೆಂಚಿನ ಕೆಳಗಿನ ಕಾವು, ಮಳೆಗಾಲದ ತೇವ ಎರಡೂ ಅವಕ್ಕೆ ಶತ್ರು. ಮೂಸಿ ನೋಡಿ, ಹುಳಿ ವಾಸನೆ ಬಂದ ನೆಗೆಟಿವ್‌ಗಳನ್ನು ಬೇರೆ ಇಡಿ. ತಡಮಾಡದೆ ನಕಲು ಮಾಡಿಸಿ, ಆ ಮೇಲೆ ಒಂದು ಸಂಜೆ ಎಲ್ಲರನ್ನೂ ಕೂರಿಸಿಕೊಂಡು ನೋಡಿ. ಅದರಲ್ಲಿರುವವರ ಹೆಸರು ಹೇಳಬಲ್ಲ ಹಿರಿಯರು ಮನೆಯಲ್ಲಿ ಇನ್ನೂ ಇರುವಾಗಲೇ ಆ ಕೆಲಸ ಆಗಬೇಕು.