ನವನಗರದಲ್ಲಿ ನಮ್ಮ ಓಮ್ನಿಗೆ ತೇಪೆ

ಬಾಗಲಕೋಟೆಯ ನವನಗರವನ್ನು ನೀವು ನೋಡಿದ್ದೀರಾ? ಬಾದಾಮಿ, ಐಹೊಳೆ ನೋಡಲು ಹೋಗುವವರು ಈ ಊರನ್ನು ವಾಹನದ ಕಿಟಕಿಯಿಂದಲೇ ನೋಡಿ ಮುಂದೆ ಸಾಗುತ್ತಾರೆ. ನಾವು ಮಾತ್ರ ಅಲ್ಲಿ ನಾಲ್ಕು ದಿನ ಉಳಿಯಬೇಕಾಯಿತು. ಕಾರಣ, ನಮ್ಮ ಹಳೆಯ ಮಾರುತಿ ಓಮ್ನಿ.

ನನ್ನ ನಾದಿನಿಯನ್ನು ಮದುವೆ ಮಾಡಿಕೊಟ್ಟದ್ದು ಅಲ್ಲಿಗೆ. ಮಂಗಳೂರಿನಿಂದ ಹೊರಟು, ಅಂಕೋಲಾದಲ್ಲಿ ಘಟ್ಟದ ದಾರಿ ಹಿಡಿದು, ಹುಬ್ಬಳ್ಳಿ, ನವಲಗುಂದ, ನರಗುಂದ ದಾಟಿದ್ದೆವು. ಕೆರೂರು ಸಮೀಪಿಸುವಾಗ ಹಿಂದಿನ ಸೀಟಿನಿಂದ ಮಗಳು, "ಉಮ್ಮಾ, ಇಲ್ಲಿ ರಸ್ತೆ ಕಾಣಿಸ್ತಾ ಇದೆ" ಎಂದಳು. ಕಿಟಕಿಯಿಂದಲ್ಲ, ಕಾಲಡಿಯಿಂದ! ಮ್ಯಾಟ್ ಸರಿಸಿದರೆ ಅಂಗೈಯಗಲದ ತೂತು. ಅವಳ ಚಪ್ಪಲಿ ಎಲ್ಲೋ ಬಿದ್ದುಹೋಗಿತ್ತು. ಕಾಲೇ ಸಿಕ್ಕಿಕೊಂಡಿದ್ದರೆ? ನೆನೆದರೆ ಈಗಲೂ ಎದೆ ನಡುಗುತ್ತದೆ. ಹಿಂದಿನ ವರ್ಷವಷ್ಟೇ ಒಂದು ಗ್ಯಾರೇಜಿನಲ್ಲಿ ಅದೇ ಜಾಗಕ್ಕೆ ಪುಟ್ಟಿ ಮೆತ್ತಿ ಚೆಂದವಾಗಿ ಬಣ್ಣ ಬಳಿದುಕೊಟ್ಟಿದ್ದರು.

ನವನಗರ ಸುಮ್ಮನೆ ಬೆಳೆದ ಊರಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭಾ ನದಿಯಲ್ಲಿ ಏರಿ ಹಳೆಯ ಬಾಗಲಕೋಟೆಯ ತಗ್ಗು ಪ್ರದೇಶಗಳು ಮುಳುಗಡೆಯಾದಾಗ, ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ಊರು ಇದು. 1997ರಲ್ಲಿ ಬಾಗಲಕೋಟೆ ವಿಜಾಪುರದಿಂದ ಬೇರೆಯಾಗಿ ಜಿಲ್ಲೆಯಾಯಿತು. ಇಲ್ಲಿ ಅಗಲವಾದ ರಸ್ತೆಗಳು; ವಿಳಾಸ ಕೇಳಿದರೆ ಓಣಿಯ ಹೆಸರಿನ ಬದಲು ಸೆಕ್ಟರ್ ನಂಬರು ಹೇಳುತ್ತಾರೆ.

ನಾದಿನಿಯ ಮನೆಯ ಬಾಗಿಲು ಮಾತ್ರ ಹಳೆಯದು. ಮುಳುಗಡೆಯ ಮನೆ ಬಿಡುವಾಗ ಅವಳ ಅತ್ತೆ ಕಳಚಿಸಿ ತಂದ ಸಾಗುವಾನಿ ಬಾಗಿಲು. ಅದರ ಕೆಳಭಾಗದಲ್ಲಿ ಬೇರೆ ಮರದ ಜೋಡಣೆ ಇದೆ. "ಕೊಳೆತದ್ದನ್ನ ಪೂರಾ ಕೊಯ್ದು ತೆಗೆದು, ಗಟ್ಟಿ ಮರಕ್ಕ ಹೊಸದು ಕೂಡಿಸಿದ್ರು. ಮ್ಯಾಲೆ ಬಣ್ಣ ಬಳದ್ರ ಉಳಿತಿತ್ತೇನವಾ?" ಎಂದರು ಆ ಹಿರಿಯರು.

ಮರುದಿನ ಟಿಂಕರಿಂಗ್ ಮಿಸ್ತ್ರಿ ಹೇಳಿದ್ದೂ ಇದನ್ನೇ. ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ತಳವನ್ನೆಲ್ಲ ಒತ್ತಿ ನೋಡಿದರು. ಚೆನ್ನಾಗಿದೆ ಎಂದು ನಾವು ತಿಳಿದಿದ್ದ ಕಡೆಯೂ ತಗಡು ಹಪ್ಪಳದಂತೆ ಮುರಿಯಿತು.

ರೊಟ್ಟಿಯ ಕಬ್ಬಿಣದ ತವೆಯನ್ನು ತೊಳೆದು ಒದ್ದೆಯಾಗಿಯೇ ಬಿಟ್ಟರೆ ಏನಾಗುತ್ತದೆ ಎಂದು ನಿಮಗೆ ಗೊತ್ತೇ ಇದೆ. ಕಬ್ಬಿಣಕ್ಕೆ ನೀರು ಮತ್ತು ಗಾಳಿ ಎರಡೂ ತಾಗಿದರೆ ತುಕ್ಕು. ಉಪ್ಪು ಸೇರಿದರೆ ಇನ್ನೂ ವೇಗ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಜೊತೆಗೆ ಕಡಲ ಗಾಳಿ. ಬಾಗಲಕೋಟೆಯಲ್ಲಿ ಅದರ ಆರನೆಯ ಒಂದು ಪಾಲಿನಷ್ಟು ಮಳೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಬಣ್ಣ ಉಬ್ಬುತ್ತದೆ. ಹೊರಗೆ ಕಡಲೆಯಷ್ಟು ಗುಳ್ಳೆ ಕಂಡರೆ ಒಳಗೆ ರೂಪಾಯಿಯಗಲ ಹೋಗಿರಬಹುದು. ಅದರ ಮೇಲೆ ಪುಟ್ಟಿ ಮೆತ್ತಿದರೆ ತೇವ ಒಳಗೇ ಉಳಿದು ತಗಡನ್ನು ತಿನ್ನುತ್ತಲೇ ಇರುತ್ತದೆ.

ಖರ್ಚು ಕಡಿಮೆ ಮಾಡಲು ದಾರಿಯಿಲ್ಲವೇ ಎಂದು ಕೇಳಿದೆವು. ಇದೆ. ಸೀಟು, ಮ್ಯಾಟ್ ಕಳಚುವುದು, ಬಣ್ಣ ಕೆರೆಯುವುದು, ತಂತಿ ಬ್ರಷ್‌ನಿಂದ ಉಜ್ಜುವುದು ಇವನ್ನೆಲ್ಲ ನಾವೇ ಮಾಡಿದರೆ ಕೂಲಿಯ ದೊಡ್ಡ ಪಾಲು ಉಳಿಯುತ್ತದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಕಟ್ಟಿಕೊಂಡು ನಾನೂ ನಾದಿನಿಯೂ ಒಂದು ಮಧ್ಯಾಹ್ನವೆಲ್ಲ ಉಜ್ಜಿದೆವು.

ಮಿಸ್ತ್ರಿ ತುಕ್ಕು ಹಿಡಿದ ಭಾಗವನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿದರು. ರಟ್ಟಿನ ಮೇಲೆ ಅಳತೆ ಗುರುತಿಸಿ, ಒಂದು ಮಿಲಿಮೀಟರಿಗೂ ತುಸು ತೆಳ್ಳಗಿನ 20 ಗೇಜ್ ತಗಡನ್ನು ಅದೇ ಆಕಾರಕ್ಕೆ ಬಡಿದರು. ಬೆಂಕಿಯ ಕೆಲಸಕ್ಕೆ ಮೊದಲು ಬ್ಯಾಟರಿಯ ತಂತಿ ಬಿಚ್ಚಿ, ಪೆಟ್ರೋಲ್ ಟ್ಯಾಂಕನ್ನು ಕಳಚಿ ದೂರ ಇಟ್ಟರು. ಅವಸರದಲ್ಲಿ ಇದನ್ನು ಬಿಡಲು ನೀವು ಯಾರಿಗೂ ಒಪ್ಪಬೇಡಿ. ವೆಲ್ಡಿಂಗ್ ಆದ ಮೇಲೆ ರೆಡ್ ಆಕ್ಸೈಡ್ ಪ್ರೈಮರ್, ಸಂದುಗಳಿಗೆ ಸೀಲರ್, ಮೇಲೆ ಬಣ್ಣ, ತಳಕ್ಕೆ ಡಾಂಬರಿನಂಥ ಕಪ್ಪು ಲೇಪ.

ಭಾರ ಹೊರದ ಕಡೆ, ಅಂದರೆ ಬಾಗಿಲಿನ ಹೊರತಗಡು, ಚಕ್ರದ ಮೇಲಿನ ಮಡ್‌ಗಾರ್ಡ್ ಇಂಥಲ್ಲಿ ಚಿಕ್ಕ ತೂತಿದ್ದರೆ, ತುಕ್ಕನ್ನು ಪೂರ್ತಿ ತೆಗೆದ ಮೇಲೆ ಫೈಬರ್ ಬಟ್ಟೆಯನ್ನು ರೆಸಿನ್‌ನಲ್ಲಿ ಅದ್ದಿ ಅಂಟಿಸಿದರೂ ಸಾಕು, ಅಗ್ಗವೂ ಹೌದು. ಆದರೆ ಚಾಸಿಸ್ ಪಟ್ಟಿ, ಸಸ್ಪೆನ್ಷನ್ ಕೂರುವ ಜಾಗ, ಸೀಟು ಮತ್ತು ಸೀಟ್ ಬೆಲ್ಟ್ ಬಿಗಿಯುವ ಜಾಗ ಇವುಗಳಲ್ಲಿ ಉಳಿತಾಯ ನೋಡಬಾರದು. ಅಲ್ಲಿ ಉಳಿಸುವ ದುಡ್ಡು ಮಕ್ಕಳ ಜೀವದ ಬೆಲೆಯದು. ಅಂಥ ಕಡೆ ತಗಡು ಪೂರ್ತಿ ಹೋಗಿದ್ದರೆ, ವಾಹನವನ್ನು ಗುಜರಿಗೆ ಕೊಡುವುದೇ ಲೇಸು. ನಮ್ಮ ಅದೃಷ್ಟಕ್ಕೆ ಅವು ಗಟ್ಟಿಯಾಗಿದ್ದವು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಮತ್ತೆ ಐದು ವರ್ಷ ಓಡಿಸಬೇಕಾದರೆ ತಪಾಸಣೆಯಲ್ಲಿ ಪಾಸಾಗಬೇಕು. ಅದಕ್ಕೆಂದಾದರೂ ಪುಟ್ಟಿಯನ್ನು ನಂಬಬೇಡಿ.

ನಾಲ್ಕನೆಯ ದಿನ ಹೊರಡುವಾಗ ಮಿಸ್ತ್ರಿ ಬಾಗಿಲುಗಳ ಕೆಳಅಂಚಿನ ಸಣ್ಣ ರಂಧ್ರಗಳನ್ನು ತೋರಿಸಿದರು. ಮಳೆನೀರು ಇಳಿದುಹೋಗಲು ಕಂಪೆನಿಯವರೇ ಇಟ್ಟ ದಾರಿ ಅದು. ಮಣ್ಣು ಕಟ್ಟಿದರೆ ನೀರು ಒಳಗೇ ನಿಂತು ಬಾಗಿಲು ಕೊಳೆಯುತ್ತದೆ. ಈಗ ಮಳೆಗಾಲಕ್ಕೆ ಮೊದಲು ಕಡ್ಡಿಯಿಂದ ಅವನ್ನು ಬಿಡಿಸುವುದು ನನ್ನ ಕೆಲಸ. ಮಳೆಯಲ್ಲಿ ಒದ್ದೆಯಾದ ಮ್ಯಾಟನ್ನು ಅಂದೇ ತೆಗೆದು ಒಣಗಿಸುವುದು ಮಗಳ ಕೆಲಸ.

ನಿಮ್ಮ ಮನೆಯ ಮುಂದೆಯೂ ಒಂದು ಹಳೆಯ ವಾಹನ ನಿಂತಿರಬಹುದು. ನಾಳೆ ಬೆಳಿಗ್ಗೆ ಅದರ ಮ್ಯಾಟ್ ಎತ್ತಿ ಒಮ್ಮೆ ಬೆರಳಿನಿಂದ ಒತ್ತಿ ನೋಡಿ. ತೂತು ಚಿಕ್ಕದಿರುವಾಗ ಖರ್ಚೂ ಚಿಕ್ಕದೇ.